ಮೂಗಿನ ನೆಗಡಿ ಕಿವಿಗೆ ಹೋದಾಗ ಒಳಗೆ ಏನಾಗುತ್ತದೆ?

ಜೂನ್ ಬಂತೆಂದರೆ ಮಂಡ್ಯದ ಕಡೆ ಮೋಡ ಕವಿಯುತ್ತದೆ, ತಣ್ಣನೆ ಗಾಳಿ ಏಳುತ್ತದೆ, ಅಂಗನವಾಡಿ ಮತ್ತು ಸ್ಕೂಲುಗಳಲ್ಲಿ ಮಕ್ಕಳು ಮತ್ತೆ ಒಟ್ಟಿಗೆ ಕೂರುತ್ತಾರೆ. ಒಂದು ಮಗುವಿಗೆ ಮೂಗು ಸುರಿಯಲು ಶುರುವಾದರೆ ವಾರದೊಳಗೆ ಬೀದಿಯ ಮಕ್ಕಳಿಗೆಲ್ಲ ನೆಗಡಿ. ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿಯುತ್ತದೆ. ಕೆಲವರಿಗೆ ಮಾತ್ರ ಮೂರನೆಯ ದಿನವೋ ನಾಲ್ಕನೆಯ ದಿನವೋ, ಅದೂ ನಡುರಾತ್ರಿಯಲ್ಲಿ, ತಡೆಯಲಾರದ ಕಿವಿನೋವು ಬರುತ್ತದೆ.

ಹೋದ ವರ್ಷ ನಮ್ಮ ಅಕ್ಕನ ಮಗಳಿಗೆ ಹೀಗೇ ಆಯಿತು. ಎರಡೂವರೆ ವರ್ಷದ ಕೂಸು. ರಾತ್ರಿ ಒಂದು ಗಂಟೆಗೆ ಕಿರುಚಿಕೊಂಡು ಎದ್ದಳು. ಮಲಗಿಸಿದರೆ ಅಳು ಜಾಸ್ತಿ, ಹೆಗಲ ಮೇಲೆ ಹಾಕಿಕೊಂಡರೆ ಸ್ವಲ್ಪ ಕಡಿಮೆ. "ಎರಡು ತೊಟ್ಟು ಬೆಚ್ಚಗಿನ ಎಣ್ಣೆ ಬಿಡವ್ವ, ಇಳಿದೋಯ್ತದೆ" ಎಂದರು ಅಕ್ಕನ ಅತ್ತೆ. ಬೆಳಿಗ್ಗೆ ತಲೆಗೆ ನೀರು ಹಾಕಿದ್ದೇ ತಪ್ಪಾಯಿತು ಎಂದರು ಪಕ್ಕದ ಮನೆಯವರು. ಭಾವ ಫ್ರಿಜ್ಜಿನಲ್ಲಿ ಹಳೆಯ ಆ್ಯಂಟಿಬಯಾಟಿಕ್ ಸಿರಪ್ ಉಳಿದಿದೆಯಾ ಎಂದು ಹುಡುಕಿದರು. ಬೆಳಗಿನ ಜಾವ ಮಗು ತಾನಾಗಿ ನಿದ್ದೆ ಹೋಯಿತು. ಎದ್ದಾಗ ದಿಂಬಿನ ಮೇಲೆ ಹಳದಿ ಕಲೆ, ಮಗು ಮಾತ್ರ ನಗುನಗುತ್ತಾ ಆಡುತ್ತಿತ್ತು. ಮನೆಯವರಿಗೆ ಸಮಾಧಾನಪಡಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಆ ರಾತ್ರಿ ಮಗುವಿನ ಕಿವಿಯೊಳಗೆ ನಡೆದದ್ದಕ್ಕೆ ಒಂದು ಕ್ರಮವಿದೆ. ಅದು ಹಂತ ಹಂತವಾಗಿ ನಡೆಯುತ್ತದೆ. ಮಗು ಯಾವ ಹಂತದಲ್ಲಿದೆ ಎಂದು ಅಂದಾಜಾದರೆ ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು ಎಂಬುದು ಮನೆಯವರಿಗೂ ಗೊತ್ತಾಗುತ್ತದೆ. ವೈದ್ಯರು ಇದನ್ನು ಅಕ್ಯೂಟ್ ಓಟೈಟಿಸ್ ಮೀಡಿಯಾ ಎನ್ನುತ್ತಾರೆ. 'ಓಟೈಟಿಸ್' ಎಂದರೆ ಕಿವಿಯ ಉರಿಯೂತ, 'ಮೀಡಿಯಾ' ಎಂದರೆ ನಡುವಿನದು, 'ಅಕ್ಯೂಟ್' ಎಂದರೆ ದಿಢೀರನೆ ಶುರುವಾದದ್ದು. ನಮ್ಮ ಮಾತಿನಲ್ಲಿ ನಡುಗಿವಿಯ ಸೋಂಕು.

ಕಿವಿಯೊಳಗೆ ಮೂರು ಕೋಣೆ

ಕಿವಿಯನ್ನು ಒಂದು ಹಳೆಯ ಮನೆ ಎಂದುಕೊಳ್ಳೋಣ. ಜಗಲಿ, ನಡುಮನೆ, ಒಳಕೋಣೆ.

ಜಗಲಿ ಎಂದರೆ ನಮಗೆ ಕಾಣುವ ಕಿವಿ ಮತ್ತು ಅದರ ತೂತು. ದೊಡ್ಡವರಲ್ಲಿ ಈ ಓಣಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಗುಗ್ಗೆ ಆಗುವುದು ಇಲ್ಲೇ. ಈ ಓಣಿಯ ಕೊನೆಯಲ್ಲಿ ಒಂದು ಬಾಗಿಲಿದೆ, ಅದೇ ಕಿವಿಯ ತಮಟೆ. ಅಗಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗ. ತೆಳ್ಳಗಿದ್ದರೂ ಅದು ಪೂರ್ತಿ ಮುಚ್ಚಿದ ಬಾಗಿಲು. ತೂತಾಗದ ತಮಟೆಯನ್ನು ದಾಟಿ ಸ್ನಾನದ ನೀರು ಒಳಗೆ ಹೋಗುವುದಿಲ್ಲ. ಹಾಗಾಗಿ ತಲೆಗೆ ನೀರು ಹಾಕಿದ್ದರಿಂದ ನಡುಗಿವಿಯ ಸೋಂಕು ಬರುವುದಿಲ್ಲ. ಈ ಒಂದು ಮಾತು ಎಷ್ಟೋ ತಾಯಂದಿರ ಮೇಲಿನ ಅಪವಾದವನ್ನು ಇಳಿಸುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಬಾಗಿಲ ಹಿಂದೆ ನಡುಮನೆ. ಒಂದು ಅವರೆಕಾಳು ಹಿಡಿಸುವಷ್ಟು ಪುಟ್ಟ ಜಾಗ. ಅಲ್ಲಿ ಮೂರು ಸಣ್ಣ ಮೂಳೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಕೊನೆಯದು ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ್ದು, ಸುಮಾರು ಮೂರು ಮಿಲಿಮೀಟರ್. ನಮ್ಮ ಮೈಯಲ್ಲಿರುವ ಅತಿ ಚಿಕ್ಕ ಮೂಳೆ ಅದೇ. ಶಬ್ದಕ್ಕೆ ತಮಟೆ ಅದುರುತ್ತದೆ, ಮೂಳೆಗಳು ಆ ಅದುರನ್ನು ಒಳಕೋಣೆಗೆ ದಾಟಿಸುತ್ತವೆ. ಒಳಕೋಣೆಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಅಂಗವೊಂದು ಅದನ್ನು ನರದ ಸಂದೇಶವಾಗಿ ಬದಲಿಸಿ ಮಿದುಳಿಗೆ ಕಳಿಸುತ್ತದೆ.

ಇದೆಲ್ಲ ಸರಿಯಾಗಿ ನಡೆಯಬೇಕಾದರೆ ನಡುಮನೆಯಲ್ಲಿ ಗಾಳಿ ಇರಬೇಕು. ನೀರಿರಬಾರದು. ಹೊರಗಿನ ಗಾಳಿಯ ಒತ್ತಡ ಎಷ್ಟಿದೆಯೋ ಒಳಗೂ ಅಷ್ಟೇ ಇರಬೇಕು. ಆಗ ಮಾತ್ರ ತಮಟೆ ಸಡಿಲವಾಗಿ ಅದುರುತ್ತದೆ. ಬಾಗಿಲು ಮುಚ್ಚಿದೆ, ಹಾಗಾದರೆ ಗಾಳಿ ಎಲ್ಲಿಂದ ಬರುತ್ತದೆ?

ಗದ್ದೆಯ ತೂಬಿನಂಥ ಒಂದು ನಳಿಕೆ

ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ ಇದೆ. ಹದಿನಾರನೇ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ಬಾರ್ತೊಲೊಮಿಯೊ ಯೂಸ್ಟಾಕಿ ಹೆಸರಿನಲ್ಲಿ ಇದಕ್ಕೆ ಯೂಸ್ಟೇಶಿಯನ್ ನಳಿಕೆ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಮುಚ್ಚಿಕೊಂಡಿರುತ್ತದೆ. ನಾವು ಉಗುಳು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಗಾಳಿ ಒಳಗೆ ಬಿಡುತ್ತದೆ.

ಮೈಸೂರಿಂದ ಬಂಡೀಪುರ ದಾಟಿ ಊಟಿ ಘಾಟಿ ಹತ್ತುವಾಗ ಕಿವಿ ಗುಂಯ್ ಎಂದು ಕಟ್ಟಿಕೊಳ್ಳುತ್ತದೆ ಅಲ್ವಾ? ಮೇಲೆ ಹೋದಂತೆ ಹೊರಗಿನ ಒತ್ತಡ ಕಡಿಮೆಯಾಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಒಮ್ಮೆ ಉಗುಳು ನುಂಗಿದರೆ 'ಟಪ್' ಎಂದು ಬಿಡುತ್ತದೆ. ಆ ಟಪ್ ಎನ್ನುವುದು ಈ ನಳಿಕೆ ತೆರೆದುಕೊಂಡ ಸದ್ದು.

ಮಂಡ್ಯದವರಿಗೆ ಇನ್ನೂ ಹತ್ತಿರದ ಹೋಲಿಕೆ ಇದೆ. ಇದು ತೂಬಿನ ಹಾಗೆ. ಬೇಕಾದಾಗ ತೆರೆಯಬೇಕು, ಬೇಡವಾದಾಗ ಮುಚ್ಚಿರಬೇಕು. ನಡುಗಿವಿಯಲ್ಲಿ ಪ್ರತಿದಿನ ಆಗುವ ಸ್ವಲ್ಪ ಲೋಳೆ ಇದರ ಮೂಲಕವೇ ಗಂಟಲಿಗೆ ಹರಿದು ಹೋಗುತ್ತದೆ. ಮೂಗಿನ ಕೊಳೆ ಮೇಲಕ್ಕೆ ಹತ್ತದಂತೆ ತಡೆಯುವುದೂ ಇದೇ. ತೂಬು ಹೂಳು ತುಂಬಿ ಕಟ್ಟಿಕೊಂಡರೆ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯುತ್ತದೆ. ಕಿವಿಯಲ್ಲೂ ಹಾಗೆಯೇ ಆಗುತ್ತದೆ.

ಪುಟ್ಟ ಮಕ್ಕಳಿಗೇ ಏಕೆ ಜಾಸ್ತಿ?

ದೊಡ್ಡವರಿಗೂ ನೆಗಡಿಯಾಗುತ್ತದೆ. ಕಿವಿ ಸೋಂಕು ಮಾತ್ರ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಅತಿ ಹೆಚ್ಚು. ಕಾರಣ ನಳಿಕೆಯ ಆಕಾರದಲ್ಲೇ ಇದೆ. ದೊಡ್ಡವರಲ್ಲಿ ಅದು ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದ, ಸುಮಾರು 45 ಡಿಗ್ರಿ ಇಳಿಜಾರು. ಕೂಸುಗಳಲ್ಲಿ ಅದರ ಅರ್ಧದಷ್ಟೇ ಉದ್ದ, ಇಳಿಜಾರು 10 ಡಿಗ್ರಿಯ ಆಸುಪಾಸು. ಹೆಚ್ಚುಕಡಿಮೆ ಮಟ್ಟಸ. ಮಟ್ಟಸವಾದ ಕಾಲುವೆಯಲ್ಲಿ ನೀರು ಹರಿಯುವುದಿಲ್ಲ, ನಿಲ್ಲುತ್ತದೆ. ಗಿಡ್ಡವಾದ್ದರಿಂದ ಮೂಗಿನ ರೋಗಾಣುಗಳಿಗೆ ದಾರಿಯೂ ಹತ್ತಿರ. ನಳಿಕೆಯ ಗೋಡೆ ಮೆತ್ತಗಿರುವುದರಿಂದ ಬೇಗ ಅಂಟಿಕೊಂಡು ಮುಚ್ಚುತ್ತದೆ. ಅದರ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಎಂಬ ಗಂಟು ಇರುತ್ತದೆ, ನೆಗಡಿಯಲ್ಲಿ ಅದೂ ಊದುತ್ತದೆ.

ಇದರ ಜೊತೆಗೆ ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ. ರೋಗ ನಿರೋಧಕ ಶಕ್ತಿ ಇನ್ನೂ ಕಲಿಯುತ್ತಿರುತ್ತದೆ. ಆರೇಳು ವರ್ಷ ಆಗುವ ಹೊತ್ತಿಗೆ ಮುಖ ಬೆಳೆದು ನಳಿಕೆಯೂ ಉದ್ದವಾಗಿ ಇಳಿಜಾರಾಗುತ್ತದೆ. ಪದೇ ಪದೇ ಕಿವಿನೋವು ಬರುತ್ತಿದ್ದ ಎಷ್ಟೋ ಮಕ್ಕಳು ಆ ವಯಸ್ಸಿಗೆ ತಾವಾಗಿಯೇ ಸರಿಹೋಗುವುದು ಇದರಿಂದ.

ಮೊದಲ ಹಂತ: ತೂಬು ಮುಚ್ಚುತ್ತದೆ

ನೆಗಡಿಯ ವೈರಸ್ಸು ಮೂಗಿನ ಒಳಪದರವನ್ನು ಊದಿಸುತ್ತದೆ. ಅದೇ ಪದರ ನಳಿಕೆಯೊಳಗೂ ಮುಂದುವರಿದಿದೆ. ಹಾಗಾಗಿ ನಳಿಕೆಯೂ ಊದಿ ಮುಚ್ಚುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಸುತ್ತಲಿನ ರಕ್ತನಾಳಗಳು ನಿಧಾನವಾಗಿ ಹೀರಿಕೊಳ್ಳುತ್ತವೆ. ಹೊಸ ಗಾಳಿ ಬರುವುದಿಲ್ಲ. ಒಳಗೆ ಒತ್ತಡ ಕುಸಿಯುತ್ತದೆ.

ಜ್ಯೂಸ್ ಪ್ಯಾಕೆಟ್ಟಿಗೆ ಸ್ಟ್ರಾ ಹಾಕಿ ಜೋರಾಗಿ ಎಳೆದರೆ ಪ್ಯಾಕೆಟ್ ಒಳಕ್ಕೆ ಚಪ್ಪಟೆಯಾಗುತ್ತದಲ್ಲ, ಹಾಗೆ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಕಿವಿ ಕಟ್ಟಿದ ಹಾಗೆ, ಸ್ವಲ್ಪ ಮಂದ ಕೇಳಿಸಿದ ಹಾಗೆ ಆಗುತ್ತದೆ. ನೋವು ಇದ್ದರೂ ಸಣ್ಣದು. ಒತ್ತಡ ಕಡಿಮೆಯಾದ ಜಾಗಕ್ಕೆ ಗೋಡೆಗಳಿಂದ ತಿಳಿಯಾದ ನೀರು ಜಿನುಗುತ್ತದೆ. ಹೆಚ್ಚಿನ ನೆಗಡಿಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ನೆಗಡಿ ಇಳಿದಾಗ ನಳಿಕೆ ತೆರೆಯುತ್ತದೆ, ನೀರು ಹರಿದು ಹೋಗುತ್ತದೆ.

ಎರಡನೆಯ ಹಂತ: ರೋಗಾಣು ಮನೆ ಮಾಡುತ್ತದೆ

ಆರೋಗ್ಯವಾಗಿರುವ ಮಕ್ಕಳ ಮೂಗಿನ ಹಿಂಭಾಗದಲ್ಲೂ ಕೆಲವು ಬ್ಯಾಕ್ಟೀರಿಯಾಗಳು ತೊಂದರೆ ಕೊಡದೆ ಇರುತ್ತವೆ. ನಡುಗಿವಿಯ ಸೋಂಕಿನಲ್ಲಿ ಮುಖ್ಯವಾಗಿ ಮೂರು ಕಾಣಸಿಗುತ್ತವೆ: ನ್ಯುಮೊಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ ಮತ್ತು ಮೊರಾಕ್ಸೆಲ್ಲ. ಒಳಗಿನ ಒತ್ತಡ ಕುಸಿದಾಗ, ಮಗು ಸೀನಿದಾಗ, ಅತ್ತಾಗ ಇವು ನಳಿಕೆಯ ಮೂಲಕ ಮೇಲೆ ಸೇರುತ್ತವೆ. ಅಲ್ಲಿ ಬೆಚ್ಚಗಿದೆ, ತೇವ ಇದೆ, ಹೊರಹೋಗುವ ದಾರಿ ಮುಚ್ಚಿದೆ. ಬೆಳೆಯುವುದಕ್ಕೆ ಇನ್ನೇನು ಬೇಕು?

ಮೈ ತಕ್ಷಣ ಎಚ್ಚೆತ್ತುಕೊಳ್ಳುತ್ತದೆ. ರಕ್ತ ನುಗ್ಗುತ್ತದೆ, ಬಿಳಿ ರಕ್ತಕಣಗಳು ಬರುತ್ತವೆ. ತಮಟೆಯ ಮೇಲಿನ ರಕ್ತನಾಳಗಳು ಊದಿ ಎತ್ತಿನಗಾಡಿಯ ಚಕ್ರದ ಅರೆಗಳ ಹಾಗೆ ಎದ್ದು ಕಾಣುತ್ತವೆ. ಆಮೇಲೆ ಇಡೀ ತಮಟೆ ಕೆಂಪಾಗುತ್ತದೆ. ಕಿವಿ ಮಿಡಿದಂತೆ ನೋಯುತ್ತದೆ. ಜ್ವರ ಏರುತ್ತದೆ. ಇದೆಲ್ಲ ಕೆಲವೇ ಗಂಟೆಗಳಲ್ಲಿ ಆಗಬಹುದು. ಸಂಜೆ ಆಡಿಕೊಂಡಿದ್ದ ಮಗು ನಡುರಾತ್ರಿ ಕಿರುಚಿಕೊಂಡು ಏಳುವುದು ಇದಕ್ಕೇ.

ರಾತ್ರಿಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುತ್ತದೆ, ಊತ ಬಿಗಿಯುತ್ತದೆ. ನಿದ್ದೆಯಲ್ಲಿ ನಾವು ಉಗುಳು ನುಂಗುವುದೂ ಕಡಿಮೆ. ಹಾಗಾಗಿ ನಳಿಕೆಗೆ ತೆರೆಯುವ ಅವಕಾಶವೇ ಸಿಗುವುದಿಲ್ಲ. ಹೆಗಲ ಮೇಲೆ ಹಾಕಿಕೊಂಡಾಗ ಕೂಸಿನ ಅಳು ಕಡಿಮೆಯಾದದ್ದು ಸುಮ್ನೆ ಅಲ್ಲ.

ಮಾತು ಬಾರದ ಮಕ್ಕಳಲ್ಲಿ ಇದನ್ನು ಊಹಿಸಬೇಕಾಗುತ್ತದೆ. ಹಾಲಿಗೆ ಬಾಯಿ ಹಾಕಿ ಎರಡು ಗುಟುಕಿಗೇ ಬಿಟ್ಟು ಅಳುವುದು ಒಂದು ಸುಳಿವು, ಏಕೆಂದರೆ ಚೀಪಿ ನುಂಗುವಾಗ ಕಿವಿಯೊಳಗಿನ ಒತ್ತಡ ಬದಲಾಗಿ ನೋಯುತ್ತದೆ. ಮಲಗಿಸಿದರೆ ಒಪ್ಪದಿರುವುದು, ನೆಗಡಿಯ ನಡುವೆ ಹೊಸದಾಗಿ ಜ್ವರ ಬರುವುದು, ಒಮ್ಮೊಮ್ಮೆ ವಾಂತಿ ಭೇದಿ. ಕಿವಿ ಎಳೆದುಕೊಳ್ಳುವುದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ನಿದ್ದೆ ಬಂದಾಗ, ಸುಮ್ಮನೆ ಆಟಕ್ಕೂ ಮಕ್ಕಳು ಕಿವಿ ಎಳೆದುಕೊಳ್ಳುತ್ತಾರೆ.

ಮೂರನೆಯ ಹಂತ: ಕೀವು ತುಂಬಿ ತಮಟೆ ಉಬ್ಬುತ್ತದೆ

ಸತ್ತ ಬ್ಯಾಕ್ಟೀರಿಯಾ, ಸತ್ತ ಬಿಳಿ ರಕ್ತಕಣ, ಜಿನುಗಿದ ನೀರು, ಎಲ್ಲ ಸೇರಿದರೆ ಕೀವು. ಅವರೆಕಾಳಿನಷ್ಟು ಜಾಗದಲ್ಲಿ ಎಷ್ಟು ತಾನೇ ಹಿಡಿಸುತ್ತದೆ? ಮೂಳೆಯ ಗೋಡೆಗಳು ಹಿಗ್ಗುವುದಿಲ್ಲ. ಹಿಗ್ಗುವುದು ತಮಟೆ ಒಂದೇ. ಬಾಣಲೆಯಲ್ಲಿ ಪೂರಿ ಉಬ್ಬುವ ಹಾಗೆ ಅದು ಹೊರಕ್ಕೆ ಉಬ್ಬುತ್ತದೆ. ನೋವು ತುತ್ತತುದಿಗೇರುವುದು ಈಗ. ಜ್ವರ 102 ಡಿಗ್ರಿ ದಾಟಬಹುದು.

ವೈದ್ಯರು ಕಿವಿಗೆ ಟಾರ್ಚಿನಂಥ ಉಪಕರಣ ಹಿಡಿದು ಹುಡುಕುವುದು ಈ ಉಬ್ಬನ್ನು. ಅದರ ಹೆಸರು ಓಟೋಸ್ಕೋಪು. ಆರೋಗ್ಯವಂತ ತಮಟೆ ಮುತ್ತಿನ ಬೂದು ಬಣ್ಣದ್ದು, ಬೆಳಕು ಬಿದ್ದರೆ ಹೊಳೆಯುತ್ತದೆ. ಬರೀ ಕೆಂಪಾಗಿದ್ದರೆ ಸೋಂಕು ಎಂದು ಹೇಳಲು ಬರುವುದಿಲ್ಲ, ಜೋರಾಗಿ ಅತ್ತರೂ ತಮಟೆ ಕೆಂಪಾಗುತ್ತದೆ. ಕೆಂಪು, ಉಬ್ಬು, ಜೊತೆಗೆ ದಿಢೀರ್ ನೋವು ಇದ್ದರೆ ಆಗ ಅದು ನಡುಗಿವಿಯ ಸೋಂಕು. ಕಿವಿಯೊಳಗೆ ನೋಡದೆ ಬರೀ ಫೋನಿನಲ್ಲಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ.

ಎಲ್ಲ ಕಿವಿನೋವೂ ಇದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಾಲೆಯಲ್ಲಿ ಈಜಾಡುವ ದೊಡ್ಡ ಮಕ್ಕಳಿಗೆ, ಬಡ್ಸ್ ಅಥವಾ ಹೇರ್‌ಪಿನ್ ಹಾಕಿ ಕೆರೆದುಕೊಂಡವರಿಗೆ ಬರುವುದು ಹೆಚ್ಚಾಗಿ ಹೊರಗಿವಿಯ ಸೋಂಕು. ಅದರಲ್ಲಿ ಕಿವಿಯನ್ನು ಹಿಡಿದು ಎಳೆದರೆ, ತೂತಿನ ಮುಂದಿನ ಗಂಟು ಒತ್ತಿದರೆ ನೋವು ಜೋರಾಗುತ್ತದೆ. ನಡುಗಿವಿಯ ಸೋಂಕಿನಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ.

ತಮಟೆ ಒಡೆದರೆ

ಒತ್ತಡ ಇನ್ನೂ ಏರಿದರೆ ತಮಟೆಯ ಉಬ್ಬಿದ ಜಾಗಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಆ ಜಾಗ ನಿಸ್ಸತ್ವವಾಗಿ ಒಂದು ಸಣ್ಣ ತೂತು ಬೀಳುತ್ತದೆ. ಕೀವು ಹೊರಗೆ ಬರುತ್ತದೆ, ಕೆಲವು ಸಲ ಸ್ವಲ್ಪ ರಕ್ತವೂ ಬೆರೆತಿರುತ್ತದೆ. ಅದೇ ಕ್ಷಣ ನೋವು ಇಳಿಯುತ್ತದೆ, ಜ್ವರವೂ ಇಳಿಯಲು ಶುರುವಾಗುತ್ತದೆ. ನಮ್ಮ ಅಕ್ಕನ ಮಗಳು ಬೆಳಗಿನ ಜಾವ ನಿದ್ದೆ ಹೋದದ್ದು ಈ ಹೊತ್ತಿನಲ್ಲಿ. ದಿಂಬಿನ ಮೇಲಿನ ಹಳದಿ ಕಲೆಯೂ ಇದೇ.

ತಮಟೆ ಒಡೆದಿದೆ ಎಂದು ವೈದ್ಯರು ಹೇಳಿದಾಗ ಅಕ್ಕ ಅಲ್ಲೇ ಅತ್ತುಬಿಟ್ಟಳು, ಮಗು ಕಿವುಡಾಯಿತು ಅಂತ. ಹಾಗಲ್ಲ. ಇದು ಎಲ್ಲ ಮಕ್ಕಳಿಗೂ ಆಗುವುದಿಲ್ಲ, ಆದರೂ ಅಪರೂಪವಲ್ಲ. ಇಂಥ ಸಣ್ಣ ತೂತುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿಯೇ ಮುಚ್ಚುತ್ತವೆ. ಅಲ್ಲಿವರೆಗೆ ಬಾಗಿಲು ತೆರೆದಿರುವುದರಿಂದ ಕಿವಿಗೆ ನೀರು ಹೋಗಬಾರದು. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ತೂತಿನ ಬಾಯಿಗೆ ಇಡಬಹುದು, ಸ್ನಾನವಾದ ಮೇಲೆ ತೆಗೆಯಬೇಕು. ಹೊರಗೆ ಬಂದ ಕೀವನ್ನು ಮಾತ್ರ ಒರೆಸಬೇಕು. ಒಳಗೆ ಏನನ್ನೂ ತೂರಿಸಬಾರದು.

ತೊಂದರೆ ಏನೆಂದರೆ, ನೋವು ಹೋಯಿತಲ್ಲ ಎಂದು ಬಹಳ ಜನ ವೈದ್ಯರ ಬಳಿ ಹೋಗುವುದನ್ನೇ ಬಿಟ್ಟುಬಿಡುತ್ತಾರೆ. ತೂತು ಮುಚ್ಚದೆ ಎರಡು ವಾರ ದಾಟಿಯೂ ಸೋರುತ್ತಲೇ ಇದ್ದರೆ ಅದು ಬೇರೆಯದೇ ಕಾಯಿಲೆಯಾಗುತ್ತದೆ. ನಾವು ಕಿವಿ ಸೋರುವುದು ಎನ್ನುವ ದೀರ್ಘಕಾಲದ ಸೋಂಕು ಅದು. ಅದರಲ್ಲಿ ನೋವೇ ಇರುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಹಾಗೇ ಬಿಟ್ಟವರಿದ್ದಾರೆ. ಕಿವಿ ಕೇಳಿಸುವುದು ಮೆಲ್ಲಗೆ ಕುಗ್ಗುತ್ತಾ ಹೋಗುತ್ತದೆ. ಈ ಕಾಯಿಲೆ ಅತಿ ಹೆಚ್ಚಿರುವ ದೇಶಗಳ ಗುಂಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನೂ ಸೇರಿಸಿದೆ.

ಎಣ್ಣೆ, ಬೆಳ್ಳುಳ್ಳಿ, ಹಾಲು

ಅಜ್ಜಿಯರ ಕಾಳಜಿಯ ಬಗ್ಗೆ ಎರಡು ಮಾತಿಲ್ಲ. ನಡುರಾತ್ರಿ ಎದ್ದು ಎಣ್ಣೆ ಕಾಯಿಸುವ ಕೈ ಅದು. ಆದರೆ ಸೋಂಕು ಇರುವುದು ಬಾಗಿಲ ಹಿಂದೆ. ಜಗಲಿಯಲ್ಲಿ ಸುರಿದ ಎಣ್ಣೆ ನಡುಮನೆಗೆ ತಲುಪುವುದೇ ಇಲ್ಲ. ತಲುಪಿದರೆ ತಮಟೆ ತೂತಾಗಿದೆ ಎಂದರ್ಥ, ಆಗ ಎಣ್ಣೆ ಇನ್ನೂ ಅಪಾಯ. ಬಿಸಿ ಜಾಸ್ತಿಯಾದರೆ ಒಳಗಿನ ಎಳೆ ಚರ್ಮ ಸುಡುತ್ತದೆ. ಎಣ್ಣೆಯ ಜಿಡ್ಡಿನಿಂದ ವೈದ್ಯರಿಗೆ ತಮಟೆ ಸರಿಯಾಗಿ ಕಾಣುವುದೂ ಇಲ್ಲ. ಬೆಳ್ಳುಳ್ಳಿ ಎಣ್ಣೆಗೂ ಎದೆಹಾಲಿನ ತೊಟ್ಟಿಗೂ ಇದೇ ಮಾತು. ಎದೆಹಾಲು ಕಿವಿಗೆ ಒಳ್ಳೆಯದು, ಬಾಯಿಂದ ಕುಡಿದಾಗ.

ಆ ರಾತ್ರಿ ಮಾಡಬೇಕಾದ ಮೊದಲ ಕೆಲಸ ನೋವು ಇಳಿಸುವುದು. ಪ್ಯಾರಾಸಿಟಮಾಲ್ ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಕೊಡಬೇಕು. ಒಂದು ಎಚ್ಚರ: ಡ್ರಾಪ್ಸ್ ಮತ್ತು ಸಿರಪ್ ಒಂದೇ ಅಲ್ಲ. ಡ್ರಾಪ್ಸ್‌ನಲ್ಲಿ ಔಷಧ ಬಹಳ ಗಟ್ಟಿಯಾಗಿರುತ್ತದೆ. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಪ್ರಮಾಣ ಹಲವು ಪಟ್ಟು ಜಾಸ್ತಿಯಾಗುತ್ತದೆ. ಬಾಟಲಿ ಓದಿ, ಅದರ ಜೊತೆ ಬಂದ ಅಳತೆಯಲ್ಲೇ ಕೊಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಾತ್ರ ಮನೆಯಲ್ಲಿ ಔಷಧ ಕೊಟ್ಟು ಕಾಯಬಾರದು, ಆಸ್ಪತ್ರೆಗೇ ಹೋಗಬೇಕು. ಮಕ್ಕಳಿಗೆ ಆಸ್ಪಿರಿನ್ ಬೇಡ. ತಲೆಯ ಕಡೆ ಎತ್ತರವಾಗುವಂತೆ ಎತ್ತಿಕೊಳ್ಳಿ, ಗುಟುಕು ಗುಟುಕಾಗಿ ಕುಡಿಸಿ. ನೆಗಡಿ ಸಿರಪ್ಪುಗಳು ಈ ಸೋಂಕನ್ನು ಬೇಗ ಇಳಿಸುವುದಿಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಲೇಬಲ್ಲಿನ ಮೇಲೆ ಬರೆಯಬೇಕೆಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ.

ಆ್ಯಂಟಿಬಯಾಟಿಕ್ ಬೇಕೇ ಬೇಕಾ?

ಎಲ್ಲರಿಗೂ ಬೇಡ. ಹೆಚ್ಚಿನ ಮಕ್ಕಳು ಎರಡು ಮೂರು ದಿನದಲ್ಲಿ ತಮ್ಮ ಮೈಯ ಶಕ್ತಿಯಿಂದಲೇ ಚೇತರಿಸಿಕೊಳ್ಳುತ್ತಾರೆ. ಆ್ಯಂಟಿಬಯಾಟಿಕ್ ಕೊಟ್ಟರೂ ಮೊದಲ ದಿನದ ನೋವು ಅದರಿಂದ ಇಳಿಯುವುದಿಲ್ಲ. ವೈರಸ್ಸಿನ ಮೇಲಂತೂ ಅದಕ್ಕೆ ಯಾವ ಕೆಲಸವೂ ಇಲ್ಲ.

ಹಾಗಾದರೆ ಯಾರಿಗೆ ಕೊಡುತ್ತಾರೆ? ಆರು ತಿಂಗಳೊಳಗಿನ ಕೂಸುಗಳಿಗೆ, ಎರಡು ವರ್ಷದೊಳಗಿದ್ದು ಎರಡೂ ಕಿವಿಗೆ ಸೋಂಕಾದವರಿಗೆ, ಕೀವು ಸೋರುತ್ತಿರುವವರಿಗೆ, ಜೋರು ಜ್ವರ ಅಥವಾ ತಡೆಯಲಾರದ ನೋವು ಇರುವವರಿಗೆ. ಉಳಿದವರಲ್ಲಿ ವೈದ್ಯರು ನೋವಿನ ಔಷಧ ಕೊಟ್ಟು 48ರಿಂದ 72 ಗಂಟೆ ನೋಡೋಣ ಎನ್ನಬಹುದು. ಹೀಗೆ ಹೇಳಿದರೆ ಔಷಧವೇ ಕೊಡದೆ ಕಳಿಸಿದರು ಎಂದು ಬೇಸರಪಡುವವರು ಬಹಳ. ವೈದ್ಯರು ಯೋಚಿಸಿಯೇ ಹಾಗೆ ಹೇಳಿರುತ್ತಾರೆ. ಬೇಡವಾದಾಗಲೆಲ್ಲ ಕೊಟ್ಟರೆ ಮಗುವಿಗೆ ಭೇದಿಯಾಗಬಹುದು, ಮೂಗಿನಲ್ಲಿರುವ ಬ್ಯಾಕ್ಟೀರಿಯಾಗಳು ಔಷಧಕ್ಕೆ ಬಗ್ಗದಂತಾಗಬಹುದು. ಆ 72 ಗಂಟೆಯಲ್ಲಿ ಇಳಿಯದಿದ್ದರೆ, ಅಥವಾ ಮಧ್ಯದಲ್ಲೇ ಜೋರಾದರೆ, ಮತ್ತೆ ಹೋಗಲೇಬೇಕು.

ಕೊಟ್ಟರೆ ಸಾಮಾನ್ಯವಾಗಿ ಮೊದಲು ಕೊಡುವುದು ಅಮಾಕ್ಸಿಸಿಲಿನ್. ಎಷ್ಟು ದಿನ ಎಂದು ಹೇಳಿದ್ದಾರೋ ಅಷ್ಟು ದಿನ ಪೂರ್ತಿ ಕೊಡಬೇಕು. ನೀರು ಬೆರೆಸಿದ ಸಿರಪ್ ಕೆಲವೇ ದಿನ ಚೆನ್ನಾಗಿರುತ್ತದೆ. ಹೋದ ಸಲದ ಬಾಟಲಿ ಫ್ರಿಜ್ಜಿನಲ್ಲಿ ಉಳಿದಿದ್ದರೆ ಅದನ್ನು ಚೆಲ್ಲಿಬಿಡಿ.

ಕಾಯದೆ ಓಡಬೇಕಾದ ಹೊತ್ತು

ಕಿವಿಯ ಹಿಂದೆ ಕೈಯಿಟ್ಟರೆ ಗಟ್ಟಿಯಾಗಿ ಸಿಗುವ ಮೂಳೆಯೊಳಗೆ ಜೇನುಗೂಡಿನ ಹಾಗೆ ಗಾಳಿಯ ಗೂಡುಗಳಿವೆ. ನಡುಗಿವಿಗೂ ಅವಕ್ಕೂ ದಾರಿ ಇದೆ. ಕೀವು ಅಲ್ಲಿಗೆ ಹೋಗಿ ಮೂಳೆಯನ್ನು ತಿನ್ನತೊಡಗಿದರೆ ಕಿವಿಯ ಹಿಂದೆ ಕೆಂಪಾಗಿ ಊದುತ್ತದೆ, ಮುಟ್ಟಿದರೆ ನೋಯುತ್ತದೆ, ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಆ್ಯಂಟಿಬಯಾಟಿಕ್ ಬರುವ ಮೊದಲು ಇದಕ್ಕಾಗಿ ಮೂಳೆ ಕೊರೆಯುವ ಆಪರೇಷನ್ ಮಾಮೂಲಿಯಾಗಿತ್ತು. ಈಗ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಮುಖ ಒಂದು ಕಡೆಗೆ ವಾಲಿದರೆ, ತಲೆ ಸುತ್ತಿ ನಡಿಗೆ ತಪ್ಪಿದರೆ, ಕುತ್ತಿಗೆ ಸೆಟೆದುಕೊಂಡರೆ, ಫಿಟ್ಸ್ ಬಂದರೆ, ಮಗು ಎಬ್ಬಿಸಿದರೂ ಮಂಕಾಗಿದ್ದರೆ ಸೋಂಕು ಕಿವಿ ದಾಟಿದೆಯೇ ಎಂದು ತಕ್ಷಣ ನೋಡಬೇಕು. ಬೆಳಗಾಗಲಿ ಎಂದು ಕಾಯಬೇಡಿ. ಮಂಡ್ಯದಲ್ಲಿ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಮತ್ತು ಪಕ್ಕದ ಚೆಲುವಾಂಬ ಆಸ್ಪತ್ರೆ ಇವೆ.

ಮತ್ತೆ ಬರದಂತೆ

ಪೂರ್ತಿ ತಡೆಯಲು ಆಗುವುದಿಲ್ಲ, ಕಡಿಮೆ ಮಾಡಬಹುದು. ಮೊದಲ ಆರು ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ ಇದು ಕಡಿಮೆ. ಬಾಟಲಿ ಹಾಲು ಕೊಡುವುದಾದರೆ ಚಪ್ಪಟೆ ಮಲಗಿಸಿ ಕೊಡಬಾರದು, ಹಾಲು ಆ ಮಟ್ಟಸ ನಳಿಕೆಯ ಬಾಯಿಗೆ ನುಗ್ಗುತ್ತದೆ. ಹೊಗೆ ದೊಡ್ಡ ಶತ್ರು. ಮೂಗು ಮತ್ತು ನಳಿಕೆಯ ಒಳಗೆ ಕಣ್ಣಿಗೆ ಕಾಣದ ಕೂದಲುಗಳಿದ್ದು ಲೋಳೆಯನ್ನು ಗುಡಿಸುತ್ತಿರುತ್ತವೆ, ಬೀಡಿ ಸಿಗರೇಟಿನ ಹೊಗೆ ಅವನ್ನು ಮಂಕು ಮಾಡುತ್ತದೆ. ಸೌದೆ ಒಲೆಯ ಪಕ್ಕ ಕೂಸನ್ನು ಮಲಗಿಸುವುದು, ಎರೆದ ಮೇಲೆ ಮುಖಕ್ಕೆ ಹತ್ತಿರ ಸಾಂಬ್ರಾಣಿ ಹೊಗೆ ಹಿಡಿಯುವುದು ನಮ್ಮ ಕಡೆ ಇನ್ನೂ ಇದೆ. ಎರೆಯುವ ಸುಖ ಮಗುವಿಗೆ ಇರಲಿ, ಹೊಗೆ ಮಾತ್ರ ಬೇಡ.

ನ್ಯುಮೊಕಾಕಸ್ ವಿರುದ್ಧದ ಲಸಿಕೆ, ಪಿಸಿವಿ, ಸರ್ಕಾರದ ಲಸಿಕಾ ಕಾರ್ಯಕ್ರಮಕ್ಕೆ 2017ರಿಂದ ಹಂತ ಹಂತವಾಗಿ ಬಂದು 2021ರಲ್ಲಿ ದೇಶಕ್ಕೆಲ್ಲ ಹರಡಿತು. ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಉಚಿತವಾಗಿ ಹಾಕುತ್ತಾರೆ. ಮುಖ್ಯ ಗುರಿ ನ್ಯುಮೋನಿಯಾ ಮತ್ತು ಮಿದುಳಿನ ಪೊರೆಯ ಸೋಂಕು. ಕಿವಿಗೂ ಅದರಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ.

ನೋವು ಹೋದ ಮೇಲೂ ಮುಗಿಯದ ಹಂತ

ಬಹಳ ಜನರಿಗೆ ಗೊತ್ತಿಲ್ಲದ ಭಾಗ ಇದು. ಸೋಂಕು ಇಳಿಯುತ್ತದೆ, ತಮಟೆಯ ತೂತು ಮುಚ್ಚುತ್ತದೆ. ನಡುಮನೆಯಲ್ಲಿ ನಿಂತ ನೀರು ಮಾತ್ರ ತಕ್ಷಣ ಹೋಗುವುದಿಲ್ಲ. ಊತ ಇಳಿದು ತೂಬು ಸರಿಯಾಗಿ ತೆರೆಯಲು ವಾರಗಳು ಬೇಕು. ತಿಂಗಳಾದ ಮೇಲೂ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳ ಕಿವಿಯಲ್ಲಿ ನೀರಿರುತ್ತದೆ. ಮೂರು ತಿಂಗಳ ಹೊತ್ತಿಗೆ ಹತ್ತರಲ್ಲಿ ಸುಮಾರು ಒಂದು ಮಗುವಿನಲ್ಲಿ. ನೋವಿಲ್ಲ, ಜ್ವರವಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮನೆಯವರ ಮಾತು ಕೇಳಿ ನೋಡಿ, ಹೆಚ್ಚುಕಡಿಮೆ ಹಾಗೆ ಕೇಳಿಸುತ್ತಿರುತ್ತದೆ ಆ ಮಗುವಿಗೆ.

ನಮ್ಮ ಮನೆಯಲ್ಲೂ ಅದೇ ಆಯಿತು. ಕೂಸನ್ನು ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಟಿವಿ ಮುಂದೆ ಹೋಗಿ ನಿಲ್ಲುತ್ತಿತ್ತು. ಹಟ ಜಾಸ್ತಿಯಾಯಿತು ಎಂದು ಎಲ್ಲರೂ ಗದರಿಸಿದೆವು. ಆ ಗದರಿಕೆ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಮಂದವಾಗಿ ಕೇಳಿಸಿದರೆ ಮಾತೂ ಹಿಂದೆ ಬೀಳಬಹುದು. ಹಾಗಾಗಿ ಈ ದಿನಗಳಲ್ಲಿ ಹತ್ತಿರ ಹೋಗಿ, ಮುಖ ನೋಡಿ, ನಿಧಾನವಾಗಿ ಮಾತಾಡಬೇಕು. ಸ್ಕೂಲಿಗೆ ಹೋಗುವ ಮಗುವಾದರೆ ಮಿಸ್‌ಗೆ ಹೇಳಿ ಮುಂದಿನ ಸಾಲಿನಲ್ಲಿ ಕೂರಿಸಬೇಕು. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಕಿವಿಯ ವಿಷಯ ಬಾಯಿಬಿಟ್ಟು ಹೇಳಬೇಕು, ನಡುಗಿವಿಯ ಸೋಂಕು ಅವರು ನೋಡುವ ಕಾಯಿಲೆಗಳ ಪಟ್ಟಿಯಲ್ಲೇ ಇದೆ.

ಮೂರು ತಿಂಗಳಾದರೂ ನೀರು ಹೋಗದೆ ಕಿವಿ ಮಂದವಾಗಿದ್ದರೆ, ಅಥವಾ ಆರು ತಿಂಗಳಲ್ಲಿ ಮೂರು ಸಲ, ವರ್ಷದಲ್ಲಿ ನಾಲ್ಕು ಸಲ ಸೋಂಕು ಮರಳಿದರೆ ಇಎನ್‌ಟಿ ವೈದ್ಯರು ಗ್ರೊಮೆಟ್ ಬಗ್ಗೆ ಯೋಚಿಸಬಹುದು. ಅದು ತಮಟೆಯಲ್ಲಿ ಕೂರಿಸುವ ಪುಟ್ಟ ಕೊಳವೆ. ನಳಿಕೆ ಮಾಡಬೇಕಾದ ಗಾಳಿ ಬಿಡುವ ಕೆಲಸವನ್ನು ಅದು ಸ್ವಲ್ಪ ಕಾಲ ಮಾಡುತ್ತದೆ, ಆಮೇಲೆ ಸಾಮಾನ್ಯವಾಗಿ ತಾನಾಗಿಯೇ ಉದುರುತ್ತದೆ.

ನೀರು ಇದೆಯೋ ಇಲ್ಲವೋ ಎಂದು ತಿಳಿಯಲು ನೋವಿಲ್ಲದ ಒಂದು ಪರೀಕ್ಷೆ ಇದೆ, ಟಿಂಪನೋಮೆಟ್ರಿ. ನಾವು ಮಗುವನ್ನು ಕರೆದುಕೊಂಡು ಮೈಸೂರಿಗೆ ಹೋದೆವು. ಅಲ್ಲಿ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನವರ ಬಾಯಲ್ಲಿ ಐಶ್. ಮೆತ್ತನೆಯ ರಬ್ಬರ್ ತುದಿಯೊಂದನ್ನು ಕಿವಿಯ ಬಾಯಿಗೆ ಇಟ್ಟು ಗಾಳಿಯ ಒತ್ತಡವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾರೆ. ತಮಟೆ ಎಷ್ಟು ಅಲ್ಲಾಡುತ್ತದೆ ಎಂಬುದು ಗೆರೆಯಾಗಿ ಮೂಡುತ್ತದೆ. ಒಳಗೆ ಗಾಳಿ ಇದ್ದರೆ ಗೆರೆ ಏರಿ ಇಳಿಯುತ್ತದೆ, ದೂರದಿಂದ ಕಾಣುವ ಚಾಮುಂಡಿ ಬೆಟ್ಟದ ಹಾಗೆ. ನೀರಿದ್ದರೆ ಗೆರೆ ಗದ್ದೆ ಬಯಲಿನ ಹಾಗೆ ಮಟ್ಟಸ. ಆರನೆಯ ವಾರ ಹೋದಾಗ ಅವಳ ಎಡಗಿವಿಯ ಗೆರೆ ಮಟ್ಟಸವಾಗಿತ್ತು. ಮೂರನೆಯ ತಿಂಗಳು ಹೋದಾಗ ಅದರಲ್ಲಿ ಬೆಟ್ಟ ಎದ್ದಿತ್ತು.